ಧಾರವಾಡ ಸೀಮೆಯ ಕನ್ನಡ ವೃತ್ತಪತ್ರಗಳೂ ಜಾಮೀನಿನ ಕಾಯಿದೆಗಳೂ

ಕನ್ನಡ ವೃತ್ತಪತ್ರಗಳ ಇತಿಹಾಸವನ್ನು ಬರೆದವರು ಸಾಮಾನ್ಯವಾಗಿ ಸಂಪಾದಕರ ಸೆರೆವಾಸಗಳನ್ನೂ ರಾಜದ್ರೋಹದ ಖಟ್ಲೆಗಳನ್ನೂ ಮುಂದಿಟ್ಟುಕೊಂಡು ಬರೆದಿರುವರು. ಆ ಪದ್ಧತಿಯು ತಪ್ಪೆಂದು ನಾವು ಹೇಳುವದಿಲ್ಲ. ಆದರೆ ಧಾರವಾಡ ಸೀಮೆಯ ಪತ್ರಗಳ ಮಟ್ಟಿಗೆ ನೋಡಿದರೆ, ಅವುಗಳ ಬಾಯಿಯನ್ನು ಕಟ್ಟಿದ್ದು ಸೆರೆಮನೆಗಿಂತ ಹೆಚ್ಚಾಗಿ ಜಮಾಖರ್ಚಿನ ವಹಿಯೆಂದು ತೋರುತ್ತದೆ. ಸರಕಾರವು ಪತ್ರಕರ್ತನ ಲೇಖನಿಯನ್ನು ಕಸಿದುಕೊಳ್ಳಬೇಕಾಗಿದ್ದಿಲ್ಲ. ಅವನ ಛಾಪಖಾನೆಯಿಂದ ಒಂದು ಮೊತ್ತದ ಜಾಮೀನನ್ನು ಕೇಳಿದರೆ ಸಾಕಾಗುತ್ತಿತ್ತು. ಉಳಿದ ಕೆಲಸವನ್ನು ಬಾಕಿ ನಿಂತ ವರ್ಗಣಿಯೂ ಕಾಗದದ ಬೆಲೆಯೂ ತಾವಾಗಿಯೇ ಮಾಡುತ್ತಿದ್ದವು. ಈ ರಾಜಕೀಯ ಮತ್ತು ಆರ್ಥಿಕ ಒತ್ತಡಗಳು ಒಂದರೊಳಗೊಂದು ಹೇಗೆ ಹೆಣೆದುಕೊಂಡಿದ್ದವು, ಸ್ವಾತಂತ್ರ್ಯವು ಬಂದ ಮೇಲೆ ಅವು ಯಾವ ರೂಪವನ್ನು ತಾಳಿದವು ಎಂಬದನ್ನು ಪೇಟೆಯ ಸಂಪಾದಕನ ಕಡೆಯಿಂದ ಮಾತ್ರವಲ್ಲದೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ವಾಚಕನ ಕಡೆಯಿಂದಲೂ ವಿವರಿಸುವದು ಈ ಲೇಖನದ ಉದ್ದೇಶವಾಗಿದೆ.

ಕನ್ನಡವು ಇಂದು ಒಂದು ರಾಜ್ಯದ ಆಡಳಿತಭಾಷೆಯಾಗಿರುವದರಿಂದ, ಧಾರವಾಡದಲ್ಲಿ ಅದು ಒಂದು ಕಾಲಕ್ಕೆ ಅಲ್ಪಸಂಖ್ಯಾಕರ ಭಾಷೆಯಾಗಿತ್ತೆಂಬ ಮಾತು ಎಳೆಯ ವಾಚಕರಿಗೆ ವಿಚಿತ್ರವಾಗಿ ಕಂಡೀತು. ೧೮೧೮ರಲ್ಲಿ ಪೇಶವಾಯಿ ಮುಗಿದ ಮೇಲೆ ಈ ಸೀಮೆಯು ಇಂಗ್ಲಿಷರ ವಶವಾಗಿ ಮುಂಬಯಿ ಇಲಾಖೆಯನ್ನು ಸೇರಿತು. ಆ ಇಲಾಖೆಯಲ್ಲಿ ಮರಾಠಿ, ಗುಜರಾಥಿ, ಸಿಂಧಿ ಭಾಷೆಗಳನ್ನಾಡುವ ವಿಶಾಲ ಪ್ರದೇಶಗಳಿದ್ದು, ಕನ್ನಡವು ದಕ್ಷಿಣದಂಚಿನ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕಾನಡಾ ಎಂಬ ನಾಲ್ಕು ಜಿಲ್ಲೆಗಳ ಭಾಷೆಯಾಗಿತ್ತು. ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮೊದಲು ನೆಲೆಯೂರಿದ್ದು ಮರಾಠಿ. ವಾಲ್ಟರ್ ಇಲಿಯಟ್, ರಸೆಲ್, ಡೆಪ್ಯುಟಿ ಚನ್ನಬಸಪ್ಪನವರಂಥವರ ಪ್ರಯತ್ನದಿಂದ ಕನ್ನಡ ಶಾಲೆಗಳು ಹುಟ್ಟಿದ ಕಥೆಯು ನಮ್ಮ ವಾಚಕರಿಗೆ ತಿಳಿದದ್ದೇ. ೧೮೯೦ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾದದ್ದೂ ೧೮೯೬ರಲ್ಲಿ ಅದರ ‘ವಾಗ್ಭೂಷಣ’ವು ಹೊರಟದ್ದೂ ಈ ಸ್ಥಿತಿಗೆ ಉತ್ತರವಾಗಿಯೇ. ಹೀಗಿರಲು ಕನ್ನಡ ವೃತ್ತಪತ್ರವನ್ನು ತೆಗೆಯುವವನು ಎರಡು ಕಡೆಗೆ ಸೆಣಸಬೇಕಾಗಿತ್ತು. ಅವನ ಮೇಲಿನ ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. ಅವನ ಸುಶಿಕ್ಷಿತ ನೆರೆಯವನು ಪುಣೆಯ ‘ಕೇಸರಿ’ಯನ್ನು ತರಿಸಿಕೊಂಡು ತೃಪ್ತನಾಗುತ್ತಿದ್ದನು.

ಕನ್ನಡದ ಮೊದಲ ವೃತ್ತಪತ್ರವಾದ ‘ಮಂಗಳೂರ ಸಮಾಚಾರ’ವನ್ನು ೧೮೪೩ರ ಜುಲೈ ೧ನೆಯ ತಾರೀಖಿಗೆ ಹರ್ಮನ್ ಮೋಗ್ಲಿಂಗ್ ಪಂಡಿತನು ಹೊರಡಿಸಿದಾಗ ಅವನ ಬೆನ್ನಿಗೆ ಬಾಸೆಲ್ ಮಿಶನ್ನಿನ ಆಧಾರವಿತ್ತು. ಮೈಸೂರಿನ ‘ವೃತ್ತಾಂತ ಪತ್ರಿಕೆ’ಗೂ ಒಂದು ಮಿಶನ್ನಿನ ಆಶ್ರಯವಿದ್ದಿತು. ಧಾರವಾಡದ ‘ಚಂದ್ರೋದಯ’, ‘ಕರ್ನಾಟಕ ವೃತ್ತ’, ‘ರಾಜಹಂಸ’, ‘ಧನಂಜಯ’, ‘ಲೋಕಬಂಧು’, ಹುಬ್ಬಳ್ಳಿಯ ‘ಕನ್ನಡ ಕೇಸರಿ’ ಮೊದಲಾದ ಪತ್ರಗಳಿಗೆ ಇಂಥ ಬೆಂಬಲವಿದ್ದಿಲ್ಲ. ಮಿಶನ್ನಿನ ನಿಧಿಯೂ ಇಲ್ಲ, ರಾಜಾಶ್ರಯವೂ ಇಲ್ಲ. ಇದ್ದದ್ದು ವರ್ಗಣಿ, ಅಷ್ಟಿಷ್ಟು ಜಾಹೀರಾತು, ಛಾಪಖಾನೆಯಲ್ಲಿ ಆಗಾಗ ಸಿಕ್ಕುವ ಹೊರಗಿನ ಕೆಲಸ. ಸ್ವತಂತ್ರವಾಗಿರುವದೆಂದರೆ ಬಡವನಾಗಿರುವದೆಂಬ ಅರ್ಥವು ಇಲ್ಲಿ ಮೊದಲಿನಿಂದಲೇ ಬಂದಿತ್ತು.

ವರ್ಗಣಿಯ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ವೃತ್ತಪತ್ರದ ಪ್ರಸಾರವು ರೈಲಿನ ಹಾದಿಯನ್ನು ಹಿಡಿದು ನಡೆಯುವ ವಸ್ತು. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಸಾಲಿನ ಮೇಲೆ ಅಣ್ಣಿಗೇರಿ ಇರುವದು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಇಳಿಯುವ ಸಾಲಿನ ಮೇಲೆ ಕುಂದಗೋಳವಿರುವದು. ಇವೆರಡೂ ಊರುಗಳಿಗೆ ಪತ್ರವು ಹೊರಟ ದಿನವೇ ಮುಟ್ಟಬಹುದಾಗಿತ್ತು. ನವಲಗುಂದಕ್ಕೆ ರೈಲಿಲ್ಲ. ಅಲ್ಲಿಗೆ ಟಪಾಲು ಎರೆಭೂಮಿಯ ಹಾದಿಯಲ್ಲಿ ಹೋಗಬೇಕು. ಮಳೆಗಾಲದಲ್ಲಿ ಬೆಣ್ಣೆಹಳ್ಳವು ತುಂಬಿ ಬಂದರೆ ಹಳ್ಳದ ಈಚೆಯ ಸುದ್ದಿ ಈಚೆಗೇ ಉಳಿಯುವದು. ಕಲಘಟಗಿಯು ಕಾರವಾರದ ಕಡೆಗೆ ಹೋಗುವ ರಸ್ತೆಯ ಮೇಲಿದ್ದರೂ ಅದರ ಹಳ್ಳಿಗಳು ಮಲೆನಾಡಿನ ಸೆರಗಿನಲ್ಲಿ ಚದರಿಕೊಂಡಿವೆ. ಇಂಥ ಕಡೆಗಳಲ್ಲಿ ಒಂದೂರಿಗೆ ಒಂದು ಪ್ರತಿ ಹೋಗುವದು, ಆ ಒಂದು ಪ್ರತಿಯನ್ನು ಶಾಲೆಯ ಮಾಸ್ತರನೋ ಕುಲಕರ್ಣಿಯೋ ಓದಿ ಹೇಳುವದು, ಹತ್ತು ಜನ ಕಟ್ಟೆಯ ಮೇಲೆ ಕುಳಿತು ಕೇಳುವದು ಹಳ್ಳಿಯ ವಾಡಿಕೆ. ಪತ್ರದ ಪ್ರಭಾವಕ್ಕೆ ಇದು ದೊಡ್ಡ ಲಾಭ. ಪತ್ರದ ಪೆಟ್ಟಿಗೆಗೆ ಇದು ದೊಡ್ಡ ಹಾನಿ. ಕೇಳಿದವರು ಹತ್ತು ಮಂದಿ, ಕೊಟ್ಟವನು ಒಬ್ಬ. ಆ ಒಬ್ಬನಾದರೂ ಕೊಡುವ ಮನಸ್ಸಿದ್ದವನಾದರೆ ಸುಗ್ಗಿಯಾಗಿ ಹತ್ತಿ ಮಾರುವ ತನಕ ಅವನ ಕೈಯಲ್ಲಿ ರೊಕ್ಕವಿಲ್ಲ, ಮನಸ್ಸಿಲ್ಲದವನಾದರೆ ವ್ಹಿ. ಪಿ. ಹೋದ ದಿನ ಅವನು ಊರಲ್ಲಿಲ್ಲ. ತಿರುಗಿ ಬಂದ ವ್ಹಿ. ಪಿ.ಯ ಟಪಾಲುಖರ್ಚು ಪತ್ರದ ಮಾಲಕನ ಲೆಕ್ಕಕ್ಕೆ ಬೀಳುವದು. ಹಳೆಯ ಪತ್ರಗಳು ಮುಂಗಡ ಕೊಡುವವರಿಗೆ ಒಂದು ದರವನ್ನೂ ತಡವಾಗಿ ಕೊಡುವವರಿಗೆ ಹೆಚ್ಚಿನ ಇನ್ನೊಂದು ದರವನ್ನೂ ಇಡುತ್ತಿದ್ದದ್ದು ಈ ಅನುಭವದಿಂದಲೇ.

ಇದಕ್ಕೆ ಕೂಡಿ ಭಾಷೆಯ ಕಾರಣದಿಂದಲೇ ಬರುವ ಖರ್ಚುಗಳಿದ್ದವು. ಕನ್ನಡದ ಒತ್ತಕ್ಷರಗಳೂ ಗುಣಿತಾಕ್ಷರಗಳೂ ಸೇರಿ ಅಚ್ಚಿನ ಮೊಳೆಗಳ ಸಂಖ್ಯೆಯು ಇಂಗ್ಲಿಷಿನ ಮೊಳೆಗಳಿಗಿಂತ ಅನೇಕ ಪಾಲು ಹೆಚ್ಚು. ಮೊಳೆ ಜೋಡಿಸುವವನಿಗೆ ಹಿಡಿಯುವ ವೇಳೆಯೂ ಹೆಚ್ಚು. ತಾರಿನ ಸುದ್ದಿಗಳು ಬರುತ್ತಿದ್ದದ್ದು ಇಂಗ್ಲಿಷಿನಲ್ಲಿ. ಇಂಗ್ಲಿಷ ಪತ್ರವು ಅವುಗಳನ್ನು ಬಂದ ಹಾಗೆಯೇ ಅಚ್ಚಿಗೆ ಕೊಡುವಾಗ ಕನ್ನಡ ಪತ್ರವು ಒಂದೊಂದು ಸಾಲನ್ನೂ ಭಾಷಾಂತರಿಸಬೇಕಾಗಿತ್ತು. ಅಂದರೆ ಒಂದೇ ಸುದ್ದಿಗೆ ಅದು ಎರಡು ಸಲ ಬೆಲೆ ತೆರುತ್ತಿತ್ತು. ನಮ್ಮ ಇಂದಿನ ಪತ್ರಿಕಾಗದ್ಯವು ಈ ಅವಸರದ ಭಾಷಾಂತರದ ಒಲೆಯಲ್ಲಿಯೇ ಬೆಂದು ಬಂದದ್ದೆಂಬದನ್ನು ಗದ್ಯದ ಇತಿಹಾಸವನ್ನು ಬರೆಯುವವರು ಇನ್ನೂ ಸಾಕಷ್ಟು ಗಮನಿಸಿಲ್ಲ.

ಇಷ್ಟು ತೆಳುವಾದ ಬಂಡವಲಿನ ಮೇಲೆ ನಿಂತ ಪತ್ರಕ್ಕೆ ಜಾಮೀನಿನ ಕಾಯಿದೆಯು ಹೇಗೆ ತಗಲುತ್ತಿತ್ತೆಂಬದನ್ನು ಇನ್ನು ನೋಡುವಾ. ೧೮೬೭ರ ಕಾಯಿದೆಯು ಮುದ್ರಕನು ಮ್ಯಾಜಿಸ್ಟ್ರೇಟನ ಮುಂದೆ ಪ್ರತಿಜ್ಞಾಪತ್ರವನ್ನು ಬರೆದುಕೊಡಬೇಕೆಂದೂ ಅಚ್ಚಾದದ್ದರ ಮೇಲೆ ಮುದ್ರಕನ ಹೆಸರೂ ಸ್ಥಳವೂ ಇರಬೇಕೆಂದೂ ಕೇಳಿತ್ತು. ಅದು ಗುರುತು ಹಿಡಿಯುವ ಕಾಯಿದೆ, ಅದರಲ್ಲಿ ಹಣದ ಮಾತಿದ್ದಿಲ್ಲ. ಹಣದ ಮಾತನ್ನು ತಂದದ್ದು ಲಿಟ್ಟನ್ ಪ್ರಭುವಿನ ಕಾಲದ ೧೮೭೮ರ ದೇಶಭಾಷಾಪತ್ರಗಳ ಕಾಯಿದೆ. ಇಂಗ್ಲಿಷಿನಲ್ಲಿ ಬರೆದರೆ ಅಡ್ಡಿಯಿಲ್ಲ, ದೇಶಭಾಷೆಯಲ್ಲಿ ಬರೆದರೆ ಮ್ಯಾಜಿಸ್ಟ್ರೇಟನು ಮುಚ್ಚಳಿಕೆಯನ್ನೂ ಠೇವಣಿಯನ್ನೂ ಕೇಳಬಹುದು, ಅವನ ನಿರ್ಣಯದ ಮೇಲೆ ನ್ಯಾಯಾಲಯಕ್ಕೆ ಅಪೀಲಿಲ್ಲ ಎಂಬದು ಅದರ ತಿರುಳು. ಕಲಕತ್ತೆಯ ‘ಅಮೃತಬಾಜಾರ ಪತ್ರಿಕೆ’ಯು ಕೂಡಲೆ ಇಂಗ್ಲಿಷ ಪತ್ರವಾಗಿ ಮಾರ್ಪಟ್ಟು ಇದರಿಂದ ಪಾರಾಯಿತು. ಬಂಗಾಲದ ರಾಜಧಾನಿಯಲ್ಲಿ ಅದು ಸಾಧ್ಯ; ಧಾರವಾಡದಲ್ಲಿ ಇಂಗ್ಲಿಷಿಗೆ ತಿರುಗಿದರೆ ಓದುವವರಾರು? ಕಾಯಿದೆಯು ರಿಪನ್ ಪ್ರಭುವಿನ ಆಡಳಿತದಲ್ಲಿ ರದ್ದಾಯಿತು. ಆದರೂ ಭಾಷೆಯನ್ನು ನೋಡಿ ಶಂಕಿಸುವ ಅಭ್ಯಾಸವು ರದ್ದಾಗಲಿಲ್ಲ.

ಆ ಅಭ್ಯಾಸದ ಅತ್ಯಂತ ಕ್ರಮಬದ್ಧವಾದ ಸಾಕ್ಷಿಯೆಂದರೆ ಮುಂಬಯಿ ಸರಕಾರದ ಭಾಷಾಂತರ ಖಾತೆಯು ವಾರವಾರಕ್ಕೂ ಸಿದ್ಧಪಡಿಸುತ್ತಿದ್ದ ದೇಶೀಯ ವೃತ್ತಪತ್ರಗಳ ವರದಿ. ಇಲಾಖೆಯ ಪ್ರತಿಯೊಂದು ಭಾಷೆಯ ಪತ್ರಗಳಲ್ಲಿ ಸರಕಾರಕ್ಕೆ ಸಂಬಂಧಿಸಿದ ಮಾತುಗಳನ್ನು ಆಯ್ದು ಇಂಗ್ಲಿಷಿನಲ್ಲಿ ಸಾರಾಂಶವಾಗಿ ಕೊಡುವದು ಅದರ ಕೆಲಸ. ಪತ್ರದ ಹೆಸರು, ಹೊರಡುವ ಊರು, ಸಂಪಾದಕನ ಹೆಸರು, ಅವನ ಜಾತಿ, ಅವನ ವಯಸ್ಸು, ಹೊರಡುವ ಪ್ರತಿಗಳ ಸಂಖ್ಯೆ ಇವೆಲ್ಲವೂ ಅದರ ಯಾದಿಯಲ್ಲಿ ನಮೂದಾಗಿರುತ್ತಿದ್ದವು. ವಾರ್ತೆಯನ್ನು ವಿಚಾರಿಸುವ ಸರಕಾರಕ್ಕೆ ಸಂಪಾದಕನ ಜಾತಿಯೇಕೆ ಬೇಕಾಗಿತ್ತೆಂದು ಇಂದಿನವರು ಕೇಳಬಹುದು. ಅಂದಿನವರಿಗೆ ಆ ಪ್ರಶ್ನೆಯು ಹೊಳೆದಂತೆ ಕಾಣುವದಿಲ್ಲ. ಧಾರವಾಡದ ಕನ್ನಡ ಪತ್ರಗಳ ಪ್ರತಿಸಂಖ್ಯೆಯು ಆ ಯಾದಿಯಲ್ಲಿ ಬಹುಮಟ್ಟಿಗೆ ನೂರುಗಳ ಲೆಕ್ಕದಲ್ಲಿಯೇ ಇರುವದು.

ಈ ಸಂಖ್ಯೆಯನ್ನು ೧೯೧೦ರ ಮುದ್ರಣ ಕಾಯಿದೆಯ ಪಕ್ಕದಲ್ಲಿಟ್ಟು ನೋಡಬೇಕು. ಆ ಕಾಯಿದೆಯ ಪ್ರಕಾರ ಹೊಸದಾಗಿ ಛಾಪಖಾನೆಯನ್ನಿಡುವವನು ೫೦೦ರಿಂದ ೨೦೦೦ ರೂಪಾಯಿಗಳ ವರೆಗೆ ಠೇವಣಿಯಿಡಬೇಕು. ಮ್ಯಾಜಿಸ್ಟ್ರೇಟನಿಗೆ ಮನಸ್ಸಿದ್ದರೆ ಬಿಡಬಹುದು. ಹಳೆಯ ಛಾಪಖಾನೆಯು ಅಪರಾಧಿಯೆಂದು ಸರಕಾರಕ್ಕೆ ತೋರಿದರೆ ೫೦೦ರಿಂದ ೫೦೦೦ದ ವರೆಗೆ ಕೇಳಬಹುದು. ಅದು ಮುಟ್ಟುಗೋಲಾದ ಮೇಲೆ ಮತ್ತೆ ಅಚ್ಚು ಹಾಕಬೇಕಾದರೆ ೧೦೦೦ದಿಂದ ೧೦,೦೦೦. ಮತ್ತೊಮ್ಮೆ ತಪ್ಪಿದರೆ ಠೇವಣಿಯೊಂದಿಗೆ ಮುದ್ರಣಯಂತ್ರವೂ ಹೋಗುವದು. ವರ್ಷಕ್ಕೆ ಎರಡು ರೂಪಾಯಿ ವರ್ಗಣಿಯಿರುವ ಒಂದು ವಾರಪತ್ರವನ್ನು ಊಹಿಸಿಕೊಳ್ಳಿರಿ: ಅತ್ಯಂತ ಕಡಿಮೆಯ ಠೇವಣಿಯೂ ೨೫೦ ಮಂದಿ ವರ್ಗಣಿದಾರರು ಇಡೀ ವರ್ಷಕ್ಕೆ ಕೊಡುವ ಹಣವಾಗುತ್ತದೆ, ಅದೂ ಎಲ್ಲರೂ ಬಾಕಿಯುಳಿಸದೆ ಕೊಟ್ಟರೆ. ಮುಂಬಯಿಯ ದೊಡ್ಡ ಇಂಗ್ಲಿಷ ಪತ್ರಕ್ಕೆ ಒಂದು ದಿನದ ಜಾಹೀರಾತಿನ ಹಣವಾಗಬಹುದಾದದ್ದು ಧಾರವಾಡದ ಪತ್ರಕ್ಕೆ ಆಯುಷ್ಯದ ಪ್ರಶ್ನೆಯಾಗುತ್ತಿತ್ತು. ಕಾಯಿದೆಯ ಅಕ್ಷರವು ಎಲ್ಲರಿಗೂ ಸಮವಾದದ್ದು. ಅದರ ಭಾರವು ಸಮವಾದದ್ದಲ್ಲ. ಮೇಲಾಗಿ ನೇರವಾಗಿ ಹೇಳಿದ್ದು ಮಾತ್ರವಲ್ಲದೆ ಸೂಚನೆಯಿಂದ, ಧ್ವನಿಯಿಂದ, ರೂಪಕದಿಂದ ಹೇಳಿದ್ದೂ ಅಪರಾಧವೆಂದು ಅದರ ೪ನೆಯ ಕಲಮು ಸಾರಿತ್ತು. ಧ್ವನಿಯೇ ಕಾವ್ಯದ ಆತ್ಮವೆಂದು ಕಲಿತು ಬಂದ ನಮ್ಮ ಹಳೆಯ ಸಂಪಾದಕರಿಗೆ ಈ ಕಲಮು ಹೇಗೆ ಕಂಡಿತೋ! ೧೯೨೨ರಲ್ಲಿ ಈ ಕಾಯಿದೆಯನ್ನು ತೆಗೆದುಹಾಕಲಾಯಿತು.

ಕುಂದಗೋಳದ ವಿಷಯವನ್ನು ಬೇರೆಯಾಗಿ ಹೇಳಬೇಕಾಗಿದೆ. ಅದು ಬ್ರಿಟಿಶ ಧಾರವಾಡ ಜಿಲ್ಲೆಯ ನಡುವೆ ಇದ್ದರೂ ೧೯೪೮ರ ವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಹಾಗೆಯೇ ಲಕ್ಷ್ಮೇಶ್ವರವು ಮೀರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿಗೂ ಸೇರಿದ್ದವು; ಸವಣೂರು ತಾನೇ ಒಂದು ಸಂಸ್ಥಾನವಾಗಿತ್ತು. ಹುಬ್ಬಳ್ಳಿಯಲ್ಲಿ ಅಚ್ಚಾದ ಪತ್ರವು ರೈಲಿನಲ್ಲಿ ಕೆಲವೇ ನಿಲ್ದಾಣಗಳನ್ನು ದಾಟಿದರೆ ಬೇರೊಬ್ಬ ಒಡೆಯನ ನೆಲದಲ್ಲಿ ಕಾಲಿಡುತ್ತಿತ್ತು. ಸಂಸ್ಥಾನಿಕನನ್ನು ಅವಹೇಳನ ಮಾಡುವದು ೧೯೧೦ರ ಕಾಯಿದೆಯಲ್ಲಿಯೇ ಅಪರಾಧವಾಗಿತ್ತು. ಆ ಕಾಯಿದೆಯು ಹೋದಾಗ ಸಂಸ್ಥಾನಿಕರ ರಕ್ಷಣೆಗಾಗಿಯೇ ೧೯೨೨ರಲ್ಲಿ ಒಂದು ಕಾಯಿದೆಯನ್ನು, ವಿಧಾನಮಂಡಲದ ಒಪ್ಪಿಗೆಯಿಲ್ಲದೆ, ವೈಸರಾಯರು ತಮ್ಮ ವಿಶೇಷಾಧಿಕಾರದಿಂದ ಜಾರಿಗೆ ತಂದರು; ೧೯೩೪ರಲ್ಲಿ ಇನ್ನೊಂದು ಬಂದಿತು. ಆದ ಕಾರಣ ಕುಂದಗೋಳದ ರೈತನ ಕರಭಾರದ ವಿಷಯವಾಗಿ ಹುಬ್ಬಳ್ಳಿಯ ಪತ್ರವು ಬರೆಯಹೊರಟರೆ ಎರಡು ಸರಕಾರಗಳ ಸಿಟ್ಟನ್ನು ಲೆಕ್ಕಕ್ಕೆ ಹಿಡಿಯಬೇಕಾಗುತ್ತಿತ್ತು. ಸಂಸ್ಥಾನವೆಂದ ಮಾತ್ರಕ್ಕೆ ಕನ್ನಡಕ್ಕೆ ಸುಖವೆಂದೂ ತಿಳಿಯಬಾರದು. ಕನ್ನಡವೇ ಬಹುಸಂಖ್ಯಾಕರ ಭಾಷೆಯಾಗಿದ್ದ ಮೈಸೂರಿನಲ್ಲಿ ೧೯೦೮ರ ವೃತ್ತಪತ್ರಗಳ ಕಾನೂನು ಬಂದಾಗ ಎಂ. ವೆಂಕಟಕೃಷ್ಣಯ್ಯನವರಂಥ ಹಿರಿಯ ಪತ್ರಕರ್ತರು ಪ್ರತಿಭಟಿಸಿ ತಮ್ಮ ಪತ್ರಗಳನ್ನು ನಿಲ್ಲಿಸಿದರು.

೧೯೨೧ರಲ್ಲಿ ಧಾರವಾಡದಲ್ಲಿ ‘ಕರ್ಮವೀರ’ವು ಹುಟ್ಟಿತು, ರಂ. ರಾ. ದಿವಾಕರರು ಅದರೊಡನೆ ನಿಕಟವಾಗಿ ಸಂಬಂಧಿಸಿದವರು. ಅದೇ ವರ್ಷದ ಜುಲೈ ೧ರಂದು ಧಾರವಾಡದಲ್ಲಿ ಸೆರೆಯಂಗಡಿಯ ಮುಂದಿನ ಪಾನನಿರೋಧದ ಚಳವಳದ ಕಾಲಕ್ಕೆ ಪೋಲೀಸರು ಗುಂಡು ಹಾರಿಸಿ ಮೂವರು ಮಡಿದರು. ಊರೊಳಗಿನ ಇಂಥ ಘಟನೆಯನ್ನು ಊರಿನ ಭಾಷೆಯಲ್ಲಿ ಹೇಳುವ ಪತ್ರಕ್ಕೆ ಎಷ್ಟು ಬೆಲೆಯಿತ್ತೋ ಅಷ್ಟೇ ಅಪಾಯವೂ ಇತ್ತು. ಅಪಾಯವು ಸಂಪಾದಕನಿಗೆ ಮಾತ್ರವಲ್ಲ. ಹಳ್ಳಿಯಲ್ಲಿ ಪತ್ರವನ್ನು ತರಿಸಿ ಓದಿ ಹೇಳುತ್ತಿದ್ದ ಮಾಸ್ತರನೂ ಕುಲಕರ್ಣಿಯೂ ಸರಕಾರದ ಅನ್ನವನ್ನು ಉಣ್ಣುವವರು. ವರ್ಗಣಿದಾರರ ಯಾದಿಯಲ್ಲಿ ಅವನ ಹೆಸರಿರುವದೇ ಅವನ ಮೇಲೆ ಸಂಶಯಕ್ಕೆ ಸಾಕು. ಅವನು ಪತ್ರವನ್ನು ಬಿಟ್ಟರೆ ಊರಿನ ಒಂದು ಪ್ರತಿಯೂ ಹೋಯಿತು, ಹತ್ತು ಜನರ ಕಿವಿಯೂ ಹೋಯಿತು. ಇದಕ್ಕೆ ಯಾವ ಕಾಯಿದೆಯ ಕಲಮೂ ಬೇಕಾಗಿದ್ದಿಲ್ಲ.

೧೯೩೦ರ ಉಪ್ಪಿನ ಸತ್ಯಾಗ್ರಹದ ಕಾಲಕ್ಕೆ ಜಾಮೀನು ಮರಳಿ ಬಂದಿತು. ಆ ವರ್ಷದ ಎಪ್ರಿಲದಲ್ಲಿ ವಟಹುಕುಮಾಗಿಯೂ ೧೯೩೧ರಲ್ಲಿ ಕಾಯಿದೆಯಾಗಿಯೂ ಬಂದ ಅದು ೧೯೫೧ರಲ್ಲಿ ಹೊಸ ಕಾಯಿದೆಯೊಂದು ಬರುವ ತನಕ ಉಳಿಯಿತು. ಜಾಮೀನನ್ನು ಕೊಡಬೇಡಿರಿ, ಪತ್ರವನ್ನು ನಿಲ್ಲಿಸಿದರೂ ಸರಿ ಎಂದು ಗಾಂಧೀಜಿಯವರು ಪತ್ರಕರ್ತರಿಗೆ ಹೇಳಿ, ತಮ್ಮ ನವಜೀವನ ಮುದ್ರಣಾಲಯವು ಮುಟ್ಟುಗೋಲಾಗುವದಕ್ಕೆ ಬಿಟ್ಟರು. ತತ್ತ್ವದ ದೃಷ್ಟಿಯಿಂದ ಅದು ಉದಾತ್ತವಾದ ಮಾರ್ಗ. ಆದರೆ ಒಂದು ಭಾಷೆಗೆ ಇರುವ ಪತ್ರಗಳೇ ನಾಲ್ಕಾರು ಆಗಿರುವಾಗ ಎರಡು ನಿಂತರೆ ಆ ಭಾಷೆಯ ಅರ್ಧ ದನಿಯೇ ಅಡಗುತ್ತದೆ. ಆ ತೆರವನ್ನು ತುಂಬುವದಕ್ಕೆ ಪರಭಾಷೆಯ ಪತ್ರಗಳು ಸಿದ್ಧವಾಗಿಯೇ ಇರುತ್ತವೆ. ಈ ತೊಡಕನ್ನು ಅಂದಿನ ಕನ್ನಡದ ಕಾರ್ಯಕರ್ತರು ಅನುಭವಿಸಿದರೆಂದು ಹೇಳುವದಕ್ಕೆ ಮುಂದಿನ ಘಟನೆಗಳು ಅವಕಾಶ ಕೊಡುತ್ತವೆ.

‘ಸಂಯುಕ್ತ ಕರ್ನಾಟಕ’ವು ೧೯೨೯ರಲ್ಲಿ ಬೆಳಗಾವಿಯಲ್ಲಿ ಆರಂಭವಾಗಿ ೧೯೩೩ರಲ್ಲಿ ಹುಬ್ಬಳ್ಳಿಗೆ ಬಂದಿತು. ೧೯೩೫ರಲ್ಲಿ ಲೋಕಶಿಕ್ಷಣ ಟ್ರಸ್ಟಿನ ದಸ್ತೈವಜು ಆಯಿತು. ಮುಂದೆ ‘ಕರ್ಮವೀರ’ವೂ ೧೯೫೬ರಲ್ಲಿ ಹೊರಟ ‘ಕಸ್ತೂರಿ’ಯೂ ಅದೇ ಟ್ರಸ್ಟಿನ ಪ್ರಕಟನೆಗಳಾದವು. ಕನ್ನಡಿಗರಿಗೆ ಸುಶಿಕ್ಷಿತ ಲೋಕಾಭಿಪ್ರಾಯದ ಮುಖಪತ್ರಗಳನ್ನು ಒದಗಿಸುವದು, ವಾಚನಾಲಯಗಳನ್ನೂ ಮುದ್ರಣಾಲಯಗಳನ್ನೂ ನಡೆಸುವದು, ಜ್ಞಾನವನ್ನು ಹರಡಿ ಜನರನ್ನು ಶಿಕ್ಷಿತರನ್ನಾಗಿ ಮಾಡುವದು ಇವು ಆ ದಸ್ತೈವಜಿನ ಉದ್ದೇಶಗಳಲ್ಲಿ ಸೇರಿವೆ. ಹೆಸರಿನಲ್ಲಿಯೇ ಶಿಕ್ಷಣವಿರುವದನ್ನು ವಾಚಕರು ಲಕ್ಷಿಸಬೇಕು. ಒಬ್ಬನ ಒಡೆತನದ ಪತ್ರವು ಒಡೆಯನ ಸಾಲದೊಂದಿಗೆ ಮುಳುಗುವದು, ಪಾಲುದಾರರ ಕಂಪನಿಯ ಪತ್ರವು ಲಾಭವನ್ನು ಹಂಚಬೇಕಾಗುವದು. ಟ್ರಸ್ಟಾದರೆ ಬಂದದ್ದು ಪತ್ರಕ್ಕೇ ಉಳಿಯುವದು. ಬಡ ಭಾಷೆಯ ಪತ್ರಕ್ಕೆ ಇದಕ್ಕಿಂತ ಒಳ್ಳೆಯ ಕವಚವನ್ನು ಅಂದು ಕಂಡುಹಿಡಿಯುವದು ಕಠಿನವಾಗಿತ್ತು. ಲಾಹೋರದ ‘ಟ್ರಿಬ್ಯೂನ್’ ಪತ್ರವು ಸರದಾರ ದಯಾಲ್ ಸಿಂಗ್ ಮಜೀಠಿಯಾ ಅವರ ಮೃತ್ಯುಪತ್ರದ ಮೇರೆಗೆ ಇಂಥದೇ ಟ್ರಸ್ಟಿನಿಂದ ನಡೆಯುತ್ತಿತ್ತು. ಅದು ಸಾರ್ವಜನಿಕ ಉಪಯುಕ್ತತೆಯ ಧರ್ಮಕಾರ್ಯವಾದುದರಿಂದ ಆದಾಯಕರದಿಂದ ಮುಕ್ತವೆಂದು ೧೯೩೯ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ತೀರ್ಪು ಕೊಟ್ಟಿತು.

ಮುಂದಿನದು ಹೆಚ್ಚು ವಿಚಾರಾರ್ಹವಾಗಿದೆ. ೧೯೬೧ರ ಆದಾಯಕರದ ಕಾಯಿದೆಯು ಸಾರ್ವಜನಿಕ ಉಪಯುಕ್ತತೆಯ ವ್ಯಾಖ್ಯೆಗೆ, ಲಾಭಕ್ಕಾಗಿ ನಡೆಸುವ ಕಾರ್ಯವು ಅದರಲ್ಲಿರಬಾರದೆಂಬ ನಾಲ್ಕು ಮಾತುಗಳನ್ನು ಹೊಸದಾಗಿ ಕೂಡಿಸಿತು. ಬಡವರ ಸಹಾಯ, ಶಿಕ್ಷಣ, ವೈದ್ಯಕೀಯ ಸಹಾಯ ಇವುಗಳಿಗೆ ಆ ನಿರ್ಬಂಧವಿಲ್ಲ. ಆದುದರಿಂದ ಲೋಕಶಿಕ್ಷಣ ಟ್ರಸ್ಟು ೧೯೬೨–೬೩ನೆಯ ಸಾಲಿನ ಕರದ ಪ್ರಕರಣದಲ್ಲಿ ತನ್ನ ಕೆಲಸವು ಶಿಕ್ಷಣವೇ ಎಂದು ವಾದಿಸಿತು. ಮೈಸೂರು ಉಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಸರ್ವೋಚ್ಚ ನ್ಯಾಯಾಲಯವು ೧೯೭೫ರ ಆಗಸ್ಟ ೨೮ರಂದು ಅದನ್ನೇ ಎತ್ತಿಹಿಡಿಯಿತು. (ದೇಶದಲ್ಲೆಲ್ಲ ವೃತ್ತಪತ್ರಗಳ ಮೇಲೆ ಪೂರ್ವಪರೀಕ್ಷಣವು ಜಾರಿಯಲ್ಲಿದ್ದ ತಿಂಗಳು ಅದು.) ಕಾಯಿದೆಯಲ್ಲಿ ಶಿಕ್ಷಣವೆಂದರೆ ಎಳೆಯರಿಗೆ ಬಾಳಿನ ಕೆಲಸಕ್ಕೆ ಸಿದ್ಧರಾಗಲು ಕ್ರಮವಾಗಿ ಕೊಡುವ ಪಾಠ ಅಥವಾ ತರಬೇತಿ, ವೃತ್ತಪತ್ರದಿಂದ ತಿಳಿವಳಿಕೆಯು ಹೆಚ್ಚುವದು ನಿಜ, ಆದರೆ ಪ್ರವಾಸದಿಂದಲೂ ಹೆಚ್ಚುವದು, ಮೋಸಹೋಗುವದರಿಂದಲೂ ಹೆಚ್ಚುವದು, ಅವೆಲ್ಲ ಶಿಕ್ಷಣವಲ್ಲವೆಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಬರೆದರು. ನ್ಯಾಯಮೂರ್ತಿ ಬೇಗ್ ಅವರು ಪ್ರತ್ಯೇಕವಾಗಿ ಬರೆದು, ಏಕಮಾತ್ರ ಟ್ರಸ್ಟಿಗೆ ಆ ದಸ್ತೈವಜು ಕೊಟ್ಟಿದ್ದ ವಿಶಾಲವಾದ ಅಧಿಕಾರಗಳ ಕಡೆಗೆ ಗಮನ ಸೆಳೆದರು.

ಕಾಯಿದೆಯ ಶಬ್ದಾರ್ಥದ ದೃಷ್ಟಿಯಿಂದ ಈ ತೀರ್ಪಿನಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಶಿಕ್ಷಣವೆಂಬ ಶಬ್ದಕ್ಕೆ ಎಲ್ಲೆಯಿಲ್ಲದಿದ್ದರೆ ಎಂಥ ವ್ಯಾಪಾರವೂ ಅದರೊಳಗೆ ನುಸುಳೀತು. ಟ್ರಸ್ಟಿನ ಹೆಸರಿನಲ್ಲಿ ಸ್ವಾರ್ಥವನ್ನು ಬೆಳೆಸಿದವರು ನಮ್ಮ ದೇಶದಲ್ಲಿ ವಿರಳರೂ ಅಲ್ಲ. ಆದರೂ ೧೯೩೫ರ ದಸ್ತೈವಜನ್ನು ಬರೆದವರು ಶಿಕ್ಷಣವೆಂಬ ಮಾತನ್ನು ಅಲಂಕಾರಕ್ಕಾಗಿ ಬಳಸಿರಲಿಲ್ಲವೆಂಬದನ್ನು ಇತಿಹಾಸಕಾರನು ಹೇಳಲೇಬೇಕು. ಎಳೆಯತನದಲ್ಲಿ ತನ್ನ ಭಾಷೆಯ ಶಾಲೆಯನ್ನು ಕಾಣದೆ, ಪ್ರಾಯದಲ್ಲಿ ತನ್ನ ಭಾಷೆಯ ಕಚೇರಿಯನ್ನು ಕಾಣದೆ ಬೆಳೆದ ನವಲಗುಂದದ ರೈತನಿಗೆ ಭೂಗೋಲ, ರಾಜ್ಯಪದ್ಧತಿ, ಪೇಟೆಧಾರಣೆ ಇವುಗಳ ಪಾಠವು ಕಟ್ಟೆಯ ಮೇಲಿನ ವೃತ್ತಪತ್ರದಿಂದಲೇ ಆಯಿತು. ಶಾಲೆಗಳು ತುಂಬಿದ ಮೇಲೆ ಬರೆದ ವ್ಯಾಖ್ಯೆಯು ಶಾಲೆಯಿಲ್ಲದ ಕಾಲದ ಸಂಸ್ಥೆಯೊಂದನ್ನು ಅಳೆಯಿತು; ಅಳತೆ ಸರಿಹೋಗದಿದ್ದದ್ದು ಆಶ್ಚರ್ಯವಲ್ಲ. ೧೯೭೯ರಲ್ಲಿ ಸುರತದ ಕೃತ್ರಿಮ ರೇಶಿಮೆ ಬಟ್ಟೆಯ ತಯಾರಕರ ಸಂಘದ ಖಟ್ಲೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ದೊಡ್ಡ ಪೀಠವು, ಲಾಭ ಬಂದಿತೇ ಎಂದಲ್ಲ, ಪ್ರಧಾನ ಉದ್ದೇಶವು ಯಾವದೆಂದು ನೋಡಬೇಕೆಂದು ಸಾರಿತು. ಆ ನಾಲ್ಕು ಮಾತುಗಳೂ ೧೯೮೪ರಿಂದ ಕಾಯಿದೆಯಿಂದ ಹೊರಬಿದ್ದವು. ೨೦೦೯ರಿಂದ ಬೇರೆ ವೇಷದಲ್ಲಿ ಅವು ಒಳಗೆ ಬಂದಿವೆ. ಶಿಕ್ಷಣದ ವ್ಯಾಖ್ಯೆಯನ್ನಂತೂ ೨೦೨೨ರಲ್ಲಿ ಅದೇ ನ್ಯಾಯಾಲಯವು ಮತ್ತೆ ಸ್ಥಿರಪಡಿಸಿತು.

ಸ್ವತಂತ್ರ ಭಾರತದಲ್ಲಿ ಕಾಗದದ ಮೂಲಕ ಬಂದ ಒತ್ತಡವನ್ನು ಇಲ್ಲಿ ಸೂಚಿಸಿದರೆ ಸಾಕು. ಪುಟಗಳ ಸಂಖ್ಯೆಯನ್ನು ನೋಡಿ ಪತ್ರದ ಬೆಲೆಯನ್ನು ಸರಕಾರವೇ ಗೊತ್ತುಪಡಿಸುವ ೧೯೫೬ರ ಕಾಯಿದೆಯನ್ನು, ಪುಣೆಯ ಮರಾಠಿ ಪತ್ರವಾದ ‘ಸಕಾಳ’ದ ಖಟ್ಲೆಯಲ್ಲಿ ೧೯೬೧ರಲ್ಲಿಯೂ, ಕಾಗದದ ಹಂಚಿಕೆಯ ನೀತಿಯನ್ನು ೧೯೭೨ರಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಸಣ್ಣ ಪತ್ರಗಳನ್ನು ದೊಡ್ಡವುಗಳಿಂದ ಕಾಯಲಿಕ್ಕೆ ಆ ನಿರ್ಬಂಧಗಳೆಂದು ಸರಕಾರವು ಹೇಳುತ್ತಿತ್ತು. ಆ ಮಾತನ್ನು ಪೂರ್ಣವಾಗಿ ಸುಳ್ಳೆನ್ನಲಾಗದಿದ್ದರೂ, ಕಾಯುವ ಕೈಯೇ ಕಾಗದದ ಕೀಲಿಯನ್ನೂ ಹಿಡಿದಿತ್ತೆಂಬದನ್ನು ಮರೆಯಲಾಗದು. ೧೮೬೭ರ ಕಾಯಿದೆಯು ೨೦೨೪ರ ಮಾರ್ಚದಲ್ಲಿ ಹೊಸ ಕಾಯಿದೆಗೆ ಎಡೆ ಮಾಡಿಕೊಟ್ಟಿತು.

ಕೊನೆಗೆ ಸಂಶೋಧಕರಿಗೆ ಒಂದು ಸೂಚನೆ. ಧಾರವಾಡದ ಹಳೆಯ ಪತ್ರಗಳ ಪೂರ್ಣ ಸಂಪುಟಗಳು ದೊರೆಯುವದು ದುರ್ಲಭ. ಅನೇಕ ಕಡೆಗೆ ನಮಗೆ ಸಿಕ್ಕುವದು ಮುಂಬಯಿ ಸರಕಾರದ ವಾರದ ವರದಿಯಲ್ಲಿ ಉಳಿದಿರುವ ಇಂಗ್ಲಿಷ ಸಾರಾಂಶ ಮಾತ್ರ. ಮೂಲ ಕನ್ನಡ ವಾಕ್ಯವು ಹೋಗಿ ಶಂಕಿಸಿದವನ ಭಾಷಾಂತರವು ಉಳಿದಿದೆ. ಅದರಲ್ಲಿ ರಾಜಕೀಯದ ಮಾತು ಸಿಕ್ಕೀತೇ ಹೊರತು ಆ ಗದ್ಯದ ರೀತಿ ಸಿಕ್ಕದು. ಅಣ್ಣಿಗೇರಿ, ನವಲಗುಂದಗಳ ಹಳೆಯ ವಾಡೆಗಳಲ್ಲಿಯೂ ಮಠಗಳಲ್ಲಿಯೂ ಅಂಗಡಿಕಾರರ ಮನೆಗಳಲ್ಲಿಯೂ ದಪ್ತರದ ಗಂಟುಗಳು ಇನ್ನೂ ಬಿಚ್ಚದೆ ಇರುವವು. ಪುಸ್ತಕಗಳಿಗೆ ಹೊದಿಸಿದ ಹಾಳೆಗಳು, ಮಾಡದ ತಳದಲ್ಲಿ ಹಾಸಿದ ಹಾಳೆಗಳು, ವರ್ಗಣಿಯ ಪಾವತಿಗಳು, ವಿಳಾಸ ಬರೆದ ಸುತ್ತುಕಾಗದಗಳು ಇವುಗಳನ್ನು ರದ್ದಿಗೆ ಹಾಕುವ ಮುಂಚೆ ಒಮ್ಮೆ ನೋಡಬೇಕೆಂದು ಆ ಭಾಗದ ಶಿಕ್ಷಕಮಿತ್ರರನ್ನು ಕೇಳಿಕೊಳ್ಳುತ್ತೇವೆ. ಪಾವತಿಯ ಮೇಲೆ ಪತ್ರದ ಹೆಸರು, ತಾರೀಖು, ಕೊಟ್ಟ ಹಣ ಇಷ್ಟಿದ್ದರೂ ಯಾವ ಪತ್ರವು ಯಾವ ಊರಿಗೆ ಎಷ್ಟು ವರ್ಷ ಹೋಯಿತೆಂಬದರ ಲೆಕ್ಕವನ್ನು ಕಟ್ಟಬಹುದು.